ಎರಡನೆಯ ಏಟು

ದಾವಲಸಾಬ ನದಾಫ್ ಗದಗಿನ ಗರಡಿಯಲ್ಲಿ ಕುಸ್ತಿ ಹಿಡಿದು ಬೆಳೆದವನು. ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಬಂದು ಏಳು ವರ್ಷವಾಗಿತ್ತು. ಜರ್ಸಿ ಸಿಟಿಯ ಒಂದು ಮೆಷಿನ್ ಶಾಪಿನಲ್ಲಿ, ತಯಾರಾದ ಮಾಲನ್ನು ಅಳೆದು ನೋಡುವ ಇನ್‌ಸ್ಪೆಕ್ಟರ್ ಆಗಿದ್ದ. ೧೯೭೬ರಲ್ಲಿ ರಂಜಾನ್ ಆಗಸ್ಟ್ ಕೊನೆಗೆ ಶುರುವಾಯಿತು. ಅವನು ಹನ್ನೆರಡನೆಯ ರೋಜಾ ಹಿಡಿದಿದ್ದ ದಿನ ರೇ ನೊವಾಕ್ ಮಾಡಿಕೊಟ್ಟ ಏಳು ಶಾಫ್ಟ್‌ಗಳನ್ನು ರಿಜೆಕ್ಟ್ ಮಾಡಿದ. ಅಳತೆಗಿಂತ ಕೂದಲೆಳೆಯಷ್ಟು ದಪ್ಪ ಇದ್ದವು. ರೇ ಲೇತ್ ನಡೆಸುವವನು. ಇನ್ನೊಂದು ಸಲ ಮಾಲು ವಾಪಸ್ಸು ಬಂದರೆ ಕೆಲಸದಿಂದ ತೆಗೆಯುತ್ತೇನೆಂದು ಫೋರ್‌ಮನ್ ಅವನಿಗೆ ಹಿಂದಿನ ವಾರವಷ್ಟೇ ಹೇಳಿದ್ದ.

ನಾಲ್ಕು ಗಂಟೆಗೆ ಶಿಫ್ಟ್ ಮುಗಿದು ಎಲ್ಲರೂ ಕೈ ತೊಳೆಯಲು ಹೋದ ಹೊತ್ತಿಗೆ ರೇ ಇನ್‌ಸ್ಪೆಕ್ಷನ್ ಕೋಣೆಗೆ ಬಂದ. ಬಂದವನೇ ಮುಷ್ಟಿ ಬಿಗಿದು ದಾವಲಸಾಬನ ಕಿವಿಯ ಮೇಲೆ ಗುದ್ದಿದ.

ಕಿವಿಯೊಳಗೆ ಗುಂಯ್ ಎಂದಿತು. ಕಪಾಟಿಗೆ ಒರಗಿ ನಿಂತ ದಾವಲಸಾಬನಿಗೆ ತಕ್ಷಣ ಅಜ್ಜಿಯ ಮಾತು ನೆನಪಾಯಿತು. ರೋಜಾ ಇದ್ದಾಗ ಯಾರಾದರೂ ಜಗಳಕ್ಕೆ ಬಂದರೆ, ನನಗೆ ರೋಜಾ ಇದೆ ಎಂದು ಹೇಳಿ ಸುಮ್ಮನಿರಬೇಕು ಎಂದು ಅವಳು ಏಳು ವರ್ಷದ ಹುಡುಗನಿಗೆ ಕಲಿಸಿದ್ದಳು.

"ರೇ, ನಾನು ಉಪವಾಸ ಇದ್ದೇನೆ," ಎಂದ.

"ಹಾಗಾದರೆ ಇದನ್ನು ತಿನ್ನು," ಎಂದು ರೇ ಬಾಯಿಗೇ ಹೊಡೆದ. ತುಟಿ ಹರಿಯಿತು. ಕಾಲರ್ ಹಿಡಿದು ಅವನ ತಲೆಯನ್ನು ಕಬ್ಬಿಣದ ಕಪಾಟಿಗೆ ಎರಡು ಸಲ ಅಪ್ಪಳಿಸಿದ. ಮೂರನೆಯ ಸಲಕ್ಕೆ ದಾವಲಸಾಬನ ಕೈಗಳು ತಾವೇ ಎದ್ದವು. ಸೊಂಟಕ್ಕೆ ಕೈ ಹಾಕಿ, ಕಾಲು ಕೊಟ್ಟು, ಆ ದೊಡ್ಡ ಆಳನ್ನು ಕಾಂಕ್ರೀಟಿನ ಮೇಲೆ ಎತ್ತಿ ಒಗೆದ. ರೇ ಬಿದ್ದಲ್ಲೇ ಹೊರಳಿ ಮೇಜಿನ ಕೆಳಗಿದ್ದ ಸ್ಪ್ಯಾನರ್ ಹಿಡಿದ. ದಾವಲಸಾಬ ಬೆಂಚಿನ ಮೇಲಿದ್ದ ಉಕ್ಕಿನ ಸಲಾಕೆ ಎತ್ತಿಕೊಂಡು ಆ ಕೈಗೆ ಹೊಡೆದ. ಸ್ಪ್ಯಾನರ್ ಜಾರಿ ಗೋಡೆಯ ತನಕ ಹೋಯಿತು.

ಅಲ್ಲಿಗೆ ಮುಗಿದಿತ್ತು. ರೇ ಕೂಗಲಿಲ್ಲ, ಏಳಲಿಲ್ಲ. ಬಲಗೈ ನೆಲದ ಮೇಲೆ ಅಂಗೈ ಕೆಳಗಾಗಿ, ಬೆರಳು ಬಿಚ್ಚಿ ಬಿದ್ದಿತ್ತು. ದಾವಲಸಾಬ ಅದನ್ನು ಒಂದು ಗಳಿಗೆ ನೋಡಿದ. ಆಮೇಲೆ ಸಲಾಕೆಯನ್ನು ತಲೆಯ ಮೇಲಕ್ಕೆತ್ತಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಇನ್ನೊಂದು ಏಟು ಹೊಡೆದ. ಎಲುಬು ಪುಡಿಯಾದ ಸದ್ದು ಮೊಳಕೈತನಕ ಬಂತು. ಅದು ಅವನಿಗೆ ಹಿತವಾಗಿತ್ತು.

ಫೋರ್‌ಮನ್ ಓಡಿ ಬಂದಾಗ ನೋಡಿದ್ದು ಹರಿದ ತುಟಿ, ಒಡೆದ ತಲೆ, ಗೋಡೆಯ ಬಳಿ ಬಿದ್ದಿದ್ದ ಸ್ಪ್ಯಾನರ್. ದಾವಲಸಾಬ ಪೊಲೀಸರ ಮುಂದೆ ಒಂದೇ ಏಟಿನ ಮಾತು ಹೇಳಿದ. ಎರಡು ಏಟು ಎಂದು ರೇ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಮೊದಲಿಂದಲೂ ಹೊಡೆದಾಟದವನೆಂದೇ ಹೆಸರಾದವನು. ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು.

ಇಬ್ಬರನ್ನೂ ಒಯ್ದ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದ ಧಾರವಾಡದ ಚಂದ್ರಶೇಖರಪ್ಪ ದಾವಲಸಾಬನ ತುಟಿಗೆ ಹೊಲಿಗೆ ಹಾಕಿದ. ಇಬ್ಬರೂ ಹಳೆಯ ಗೆಳೆಯರು.

"ಅವನ ಮೂರು ಬೆರಳು ತಗೀಬೇಕಾತು," ಎಂದ. "ಏಟು ಭಾಳ ಜೋರ ಬಿದ್ದದ. ಹೋಗ್ಲಿ ಬಿಡು ದಾವಲಾ. ಅವ ಕೈ ಮಾಡಿದಾ, ನೀ ಉಳಕೊಂಡಿ. ತಲಿ ಕೆಡಿಸ್ಕೋಬ್ಯಾಡ."

ಆ ಸಂಜೆ ಹೆಂಡತಿ ಸಲ್ಮಾ ಖರ್ಜೂರವನ್ನು ಹಾಲಲ್ಲಿ ನೆನೆಸಿ ಚಮಚದಿಂದ ಬಾಯಿಗೆ ಹಿಡಿದಳು. ಅವನಿಗೆ ಹಸಿವೇ ಇರಲಿಲ್ಲ. ಉಳಿದ ರೋಜಾಗಳನ್ನೂ ಹಿಡಿದ. ನಸುಕಿನಲ್ಲಿ ಎದ್ದು ಉಣ್ಣುತ್ತಿದ್ದ, ದಿನವಿಡೀ ಉಗುಳು ನುಂಗಿಕೊಂಡಿರುತ್ತಿದ್ದ. ಆದರೆ ನಮಾಜಿನಲ್ಲಿ ಹಣೆ ನೆಲಕ್ಕೆ ಮುಟ್ಟಿದಾಗೆಲ್ಲ ಪಕ್ಕದಲ್ಲಿ ಊರಿದ ತನ್ನ ಅಂಗೈ ಕಣ್ಣಿಗೆ ಬೀಳುತ್ತಿತ್ತು.

ನವೆಂಬರ್‌ನಲ್ಲಿ ಗಂಡ ಹೆಂಡತಿ ಹಜ್‌ಗೆ ಹೊರಡುವವರಿದ್ದರು. ಟಿಕೆಟ್ ಆಗಿತ್ತು. ಅಕ್ಟೋಬರ್‌ನ ಒಂದು ಭಾನುವಾರ ಸಲ್ಮಾ ಏರ್‌ಮೇಲ್ ಹಾಳೆಗಳನ್ನು ಹರವಿಕೊಂಡು ಕುಳಿತಳು.

"ನಮ್ಮೂರಾಗ ಹಜ್‌ಗೆ ಹೊಂಟವರು ಮನಿಮನಿಗೆ ಹೋಗಿ ಮಾಫಿ ಕೇಳಿ ಬರತಾರ. ನಾವು ಪತ್ರದಾಗರ ಕೇಳೂಣು," ಎಂದಳು. "ನಿಮ್ಮಣ್ಣಗ ಬರದೆ. ನಮ್ಮ ಕಾಕಿಗ ಬರದೆ. ಇಲ್ಲೆ ಯಾರರ ಅದಾರೇನ್ರಿ?"

ಅವನು ತನ್ನ ಅಂಗೈ ನೋಡುತ್ತ ಕುಳಿತ.

"ಯಾಕ್ರಿ?"

"ನಾ ಎರಡು ಏಟು ಹೊಡದೀನಿ, ಸಲ್ಮಾ. ಎರಡನೇದ್ದು ಹೊಡಿಯೂ ಮುಂದ ಅವ ಸುಮ್ನ ಬಿದ್ದಿದ್ದಾ. ಅವನ ಬೆರಳು ಹೋಗಿದ್ದು ಅದರಾಗ. ಹೊಟ್ಟಿ ಕಟ್ಟಿದ್ದೆ. ಕೈ ಕಟ್ಟಲಿಲ್ಲ."

ಸಲ್ಮಾ ಪೆನ್ನಿನ ಟೋಪಿ ಹಾಕಿದಳು.

"ಹಜ್‌ದಾಗ ಅರಫಾತ್ ಬಯಲಾಗ ನಿಂತು ಅತ್ತರ ದೇವರು ತನ್ನ ಪಾಲಿಂದು ಮಾಫ್ ಮಾಡತಾನ. ಅವನ ಪಾಲಿಂದು ಅವನ ಮಾಡಬೇಕಲ್ಲ. ಮೊದಲ ಅವನ ಮನಿಗೆ ಹೋಗಿ ಬರ್ರಿ."

ರೇ ಪಕ್ಕದ ಬೇಯೋನ್ ಊರಿನಲ್ಲಿ ತಾಯಿಯ ಮನೆಯಲ್ಲಿದ್ದ. ಶನಿವಾರ ಬೆಳಗ್ಗೆ ದಾವಲಸಾಬ ಹೋಗಿ ಬಾಗಿಲು ಬಡಿದ. ತೆರೆದವನು ರೇ ತಾನೇ. ಬಲಗೈಗೆ ಚರ್ಮದ ಚೀಲದಂಥದ್ದೇನೋ ಕಟ್ಟಿತ್ತು.

"ಎರಡನೆಯ ಏಟು ನಾನು ಬೇಕೆಂದೇ ಹೊಡೆದೆ," ಎಂದ ದಾವಲಸಾಬ. "ಪೊಲೀಸರಿಗೆ ಸುಳ್ಳು ಹೇಳಿದೆ. ಕ್ಷಮೆ ಕೇಳಲು ಬಂದಿದ್ದೇನೆ."

ರೇ ಎಡಗೈಯಿಂದ ಹೊಡೆದ. ಅಭ್ಯಾಸವಿಲ್ಲದ ಕೈ, ಏಟು ಕೆನ್ನೆ ಸವರಿ ಹೋಯಿತು. ಅದರಿಂದ ಅವನ ಸಿಟ್ಟು ಇನ್ನೂ ಹೆಚ್ಚಿತು. ಬಾಗಿಲ ಪಕ್ಕ ಒರಗಿಸಿದ್ದ ಹಿಮ ತೆಗೆಯುವ ಸಲಿಕೆ ಎತ್ತಿ ಅದರ ಕಟ್ಟಿಗೆಯ ಹಿಡಿಯಿಂದ ಪಕ್ಕೆಗೆ ಬಾರಿಸಿದ. ದಾವಲಸಾಬ ಮೆಟ್ಟಿಲ ಮೇಲಿಂದ ಉರುಳಿ ಅಂಗಳಕ್ಕೆ ಬಿದ್ದ. ರೇ ಇಳಿದು ಬಂದು ಬೆನ್ನಿಗೆ ಹೊಡೆದ, ತೊಡೆಗೆ ಹೊಡೆದ, ಬೂಟಿನಿಂದ ಹೊಟ್ಟೆಗೆ ಒದ್ದ. ಪಕ್ಕೆಲುಬು ಮುರಿದದ್ದು ದಾವಲಸಾಬನಿಗೆ ಗೊತ್ತಾಯಿತು. ಮತ್ತೆ ಒದೆಯಲು ಬಂದ ಕಾಲು ಅವನ ಕೈಗೆ ಸಿಕ್ಕಿತು. ಒಂದು ಸಲ ತಿರುವಿದ್ದರೆ ಮೊಣಕಾಲು ಕಳಚುತ್ತಿತ್ತು. ಹೇಗೆ ತಿರುವಬೇಕೆಂದು ಅವನ ಬೆರಳಿಗೆ ಗೊತ್ತಿತ್ತು. ಅವನು ಕಾಲು ಬಿಟ್ಟ. ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿಟ್ಟುಕೊಂಡು ಮುದುಡಿ ಮಲಗಿದ. ಇನ್ನೂ ನಾಲ್ಕು ಏಟು ಬಿದ್ದವು.

ರೇಗೆ ಉಸಿರು ಸಾಲದಾಯಿತು. ಸಲಿಕೆ ಬಿಸಾಡಿ ಮೆಟ್ಟಿಲ ಮೇಲೆ ಕುಸಿದು ಕುಳಿತ.

"ಎರಡು ಸಲ ಹೊಡೆದ ಅಂದೆ. ನನ್ನ ಹೆತ್ತ ತಾಯಿ ಕೂಡ ನಂಬಲಿಲ್ಲ," ಎಂದ. ಅವನು ಅಳುತ್ತಿದ್ದ. "ನನಗೆ ಹೇಳಿ ಏನು ಪ್ರಯೋಜನ? ಹೋಗಿ ನಂಬದವರಿಗೆ ಹೇಳು."

ಚಂದ್ರಶೇಖರಪ್ಪ ಪಕ್ಕೆಗೆ ಪಟ್ಟಿ ಸುತ್ತುತ್ತ ಬೈದ. "ಹುಚ್ಚು ಹಿಡದದೇನು ನಿನಗ? ಪೊಲೀಸರಿಗೆ ಖರೇ ಹೇಳಿದರ ಜೇಲಿಗೆ ಹಾಕತಾರ. ಗ್ರೀನ್ ಕಾರ್ಡ್ ಕಸಗೊಂಡು ಊರಿಗೆ ಓಡಸ್ತಾರ. ನಿನ್ನ ದೇವರಿಗೆ ಗೊತ್ತದ, ಅಷ್ಟು ಸಾಕಾಗೂದಿಲ್ಲೇನು?"

"ಅವನ ತಾಯಿಗೆ ಗೊತ್ತಿಲ್ಲಲ್ಲೋ ಚಂದ್ರು," ಎಂದ ದಾವಲಸಾಬ.

ಸೋಮವಾರ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಬದಲಿಸಿದ. ಕೇಸು ಬಿತ್ತು, ಕೆಲಸ ಹೋಯಿತು. ವಿಚಾರಣೆ ಮುಗಿಯುವವರೆಗೆ ನ್ಯೂಜರ್ಸಿ ರಾಜ್ಯ ಬಿಟ್ಟು ಹೋಗಬಾರದೆಂದು ಕೋರ್ಟು ಹೇಳಿತು. ಸಲ್ಮಾ ಏರ್‌ಲೈನ್‌ಗೆ ಫೋನ್ ಮಾಡಿ ಟಿಕೆಟ್ ರದ್ದು ಮಾಡಿಸಿದಳು. ಹಜ್‌ಗೆಂದು ಹೊಲಿದಿಟ್ಟ ತನ್ನ ಬಿಳಿ ಬಟ್ಟೆಯನ್ನು ಮಡಚಿ ಟ್ರಂಕಿಗೆ ಹಾಕುವಾಗ ಒಂದು ಸಲ ಮುಖ ಮುಚ್ಚಿಕೊಂಡು ಅತ್ತಳು. ಅವನನ್ನು ಒಂದು ಮಾತೂ ಅನ್ನಲಿಲ್ಲ.

ವಿಚಾರಣೆ ನವೆಂಬರ್ ಕೊನೆಯ ದಿನ ಬಂತು. ಆ ವರ್ಷದ ಹಾಜಿಗಳೆಲ್ಲ ಅರಫಾತ್ ಬಯಲಲ್ಲಿ ನಿಂತಿದ್ದ ದಿನವೂ ಅದೇ. ಹೋಗಲಾಗದವರು ಅಂದು ರೋಜಾ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ರೋಜಾ ಹಿಡಿದೇ ಕೋರ್ಟಿಗೆ ಹೋದರು. ದಾವಲಸಾಬ ಎದ್ದು ನಿಂತು, ಮೊದಲನೆಯ ಏಟು ಏಕೆ, ಎರಡನೆಯದು ಏಕೆ ಎಂದು ಬಿಡಿಸಿ ಹೇಳಿದ. ಮುದುಕಿಯೊಬ್ಬಳು ಮುಂದಿನ ಸಾಲಿನಲ್ಲಿ ಕುಳಿತು, ಮಗನ ಮೊಂಡು ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು. ಜಡ್ಜ್ ಜೈಲಿಗೆ ಹಾಕದೆ ಎರಡು ವರ್ಷದ ಪ್ರೊಬೇಷನ್ ಕೊಟ್ಟ.

ಹೊರಗೆ ದಾವಲಸಾಬ ಮತ್ತೆ ಕ್ಷಮೆ ಕೇಳಿದ. ರೇ ಅವನ ಮುಖ ನೋಡಲಿಲ್ಲ.

"ಈಗ ಆಗಲ್ಲ," ಎಂದು ತಾಯಿಯನ್ನು ಕರೆದುಕೊಂಡು ಮೆಟ್ಟಿಲಿಳಿದ.

ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿದ. ಮನೆಯಲ್ಲಿ ಇಬ್ಬರೂ ನೀರು ಕುಡಿದು ರೋಜಾ ಬಿಟ್ಟರು. ಎಷ್ಟೋ ದಿನದ ಮೇಲೆ ಅವನಿಗೆ ಹಸಿವಾಗಿತ್ತು. ಮೂರು ರೊಟ್ಟಿ ತಿಂದ.

"ಮುಂದಿನ ಸಲ ಹೋಗೂಣೇನ್ರಿ?" ಎಂದಳು ಸಲ್ಮಾ.

"ಅವ ಏನಂತಾನ ನೋಡೂಣು. ಜನವರಿದಾಗ ಮತ್ತ ಹೋಗಿ ಕೇಳತೀನಿ."

"ಆವಾಗೂ ಹೊಡದ್ರ?"

"ಹೊಡೀಲಿ," ಎಂದು ಅವನು ಪಕ್ಕೆ ಹಿಡಿದುಕೊಂಡು ನಮಾಜಿಗೆ ಎದ್ದ.