ಜಾರುಬಂಡೆ ಮಾಡಿದವರು

ಬಡಾವಣೆಯ ಸಂಘಕ್ಕೆ ಅವಳು ಕಾರ್ಯದರ್ಶಿಯಾದದ್ದು ಟೈಪಿಂಗ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ನೋಟರಿಯೊಬ್ಬರ ಕಚೇರಿಯಲ್ಲಿ ಹದಿನಾಲ್ಕು ವರ್ಷದಿಂದ ಕರಾರುಪತ್ರ, ಪ್ರಮಾಣಪತ್ರಗಳನ್ನು ಟೈಪು ಮಾಡುತ್ತಿದ್ದವಳು. "ನಿನಗೆ ಇದೇನು ಮಹಾ ಕಣಮ್ಮ" ಎಂದು ಅಧ್ಯಕ್ಷರು ಸಭೆಯಲ್ಲಿ ಅಂದದ್ದೇ ತಡ, ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟರು. ಬೇಡ ಅನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಪುಸ್ತಕದಲ್ಲಿ ಬರೆದೂ ಆಗಿತ್ತು.

ಅಂದಿನಿಂದ ತಿಂಗಳಿಗೊಮ್ಮೆ ಒಂದು ಪುಟದ ಸುತ್ತೋಲೆ. ಟ್ಯಾಂಕು ತೊಳೆಯುವ ದಿನ, ಲಿಫ್ಟು ನಿಲ್ಲುವ ಹೊತ್ತು, ಮೆಟ್ಟಿಲ ಕೆಳಗೆ ಸೈಕಲ್ ಇಡಬೇಡಿ ಎಂಬ ವಿನಂತಿ. ಅದನ್ನು ಯಾರೂ ಓದುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಬ್ಬರು ಮಾತ್ರ ಬಿಡದೆ ಓದುತ್ತಿದ್ದರು, ಅವಳ ಮಾವ. ಬಸ್ಸುಗಳಿಗೆ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ ವೆಲ್ಡರ್ ಆಗಿದ್ದವರು. ಬೆಳಿಗ್ಗೆ ಹಾಲು ತರಲು ಹೋದವರು ಸೂಚನಾ ಫಲಕದ ಮುಂದೆ ನಿಂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ತಲೆಬರಹದಿಂದ ಸಹಿಯವರೆಗೆ ಓದಿಯೇ ಮೇಲೆ ಬರುತ್ತಿದ್ದರು.

ಮಕ್ಕಳಿಗೆಲ್ಲ ಅವರು ವೆಲ್ಡಿಂಗ್ ತಾತ. ಬಡಾವಣೆ ಹೊಸದಾಗಿದ್ದಾಗ, ನಾಲ್ಕು ಕಟ್ಟಡಗಳ ನಡುವೆ ಬರೀ ಮಣ್ಣಿನ ಗುಡ್ಡೆಯಿದ್ದ ಕಾಲದಲ್ಲಿ, ರಜೆಯ ದಿನಗಳಲ್ಲಿ ಕೂತು ಆಟದ ಅಂಗಳದ ಸಾಮಾನನ್ನೆಲ್ಲ ಮಾಡಿಕೊಟ್ಟವರು ಅವರು. ಎರಡು ಉಯ್ಯಾಲೆ, ಒಂದು ಏರಿಳಿಯುವ ಸೀಸಾ ಹಲಗೆ, ಒಂದು ಎತ್ತರದ ಜಾರುಬಂಡೆ. ಅವಳ ಗಂಡ ಆ ಜಾರುಬಂಡೆಯಲ್ಲಿ ಜಾರಿ ಚಡ್ಡಿ ಹರಿದುಕೊಂಡವನು, ಅವಳ ಮಗಳೂ ಅದೇ ಕೆಲಸ ಮಾಡಿ ದೊಡ್ಡವಳಾದವಳು.

ಈಗ ಮೂವತ್ತೊಂದು ವರ್ಷವಾದ ಮೇಲೆ, ಒಂದು ಬುಧವಾರ ಸಂಜೆ, ಎದುರು ಕಟ್ಟಡದ ಎರಡನೇ ಮಹಡಿಯ ಗುಬ್ಬಿ ಆ ಜಾರುಬಂಡೆಯ ಮೇಲಿಂದ ಬಿದ್ದಳು. ಗುಬ್ಬಿಗೆ ಏಳು ವರ್ಷ. ಮೇಲಿನ ಹಲಗೆಯ ಮೇಲೆ ನಿಂತು, ಪಕ್ಕದ ಹಿಡಿಕಂಬಿಗೆ ಒರಗಿ ಗೆಳತಿಯನ್ನು ಕೂಗುತ್ತಿದ್ದಳಂತೆ. ಕಂಬಿ ಬುಡದಲ್ಲಿ ಲಟಕ್ಕೆಂದು ಮುರಿಯಿತು. ಎಡಗೈ ಮಣಿಕಟ್ಟಿನ ಹತ್ತಿರ ಎರಡು ಕಡೆ ಬಿರುಕು.

ಮರುದಿನವೇ ಸಂಘದ ಸಮಿತಿ ಸೇರಿತು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಎಂಥ ಕಷ್ಟದ ನಿರ್ಧಾರವನ್ನೂ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆ ಹೇಳುವಂತೆಯೇ ಹೇಳುತ್ತಿದ್ದರು. "ಅಲ್ಲಾಡೋ ಹಲ್ಲು ಇದ್ದ ಹಾಗೆ. ತೆಗೆದುಬಿಡೋಣ. ಹೊಸದು ಹಾಕೋಣ. ಯಾರಿಗೂ ನೋವಾಗಲ್ಲ." ಹೇಳಿದ ಮೇಲೆ ಅವಳ ಮುಖ ನೋಡಿ, "ನಿಮ್ಮ ಮಾವನದೇನೂ ತಪ್ಪಿಲ್ಲಮ್ಮ. ಮೂವತ್ತು ವರ್ಷ ಬಾಳಿದ್ದೇ ಹೆಚ್ಚು. ಹಳೇ ಕಬ್ಬಿಣ" ಅಂದರು.

ಆ ತಿಂಗಳ ಸುತ್ತೋಲೆಯನ್ನು ಟೈಪು ಮಾಡುವಾಗ ಅವಳ ಕೈ ಒಂದು ಪದದ ಮೇಲೆ ನಿಂತುಬಿಟ್ಟಿತು. ಅಧ್ಯಕ್ಷರು ಬರೆದುಕೊಟ್ಟಿದ್ದು 'ಅಪಾಯಕಾರಿ ಜಾರುಬಂಡೆ' ಎಂದು. ಅವಳು ಅದನ್ನು ಅಳಿಸಿ 'ಹಳೆಯದಾದ ಜಾರುಬಂಡೆ' ಎಂದು ಹಾಕಿದಳು. ಆಟದ ಅಂಗಳವನ್ನು ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಉತ್ತಮಪಡಿಸಲಾಗುವುದು, ಹೊಸ ಸಾಮಗ್ರಿ ಬರುವವರೆಗೆ ಸಹಕರಿಸಬೇಕು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರ್ವಸದಸ್ಯರ ಸಭೆ. ಮನೆಯಲ್ಲಿ ಮಾವನಿಗೆ ಮೊದಲೇ ಹೇಳಬೇಕು ಅಂದುಕೊಂಡಳು. ಹೇಗೆ ಶುರು ಮಾಡುವುದೆಂದು ತಿಳಿಯದೆ, ಹೇಳದೆಯೇ ಫಲಕಕ್ಕೆ ಅಂಟಿಸಿ ಕೆಲಸಕ್ಕೆ ಹೋದಳು.

ಸಂಜೆ ಮಾವ ಚಹಾ ಕುಡಿಯುತ್ತ, "ನೋಟೀಸಲ್ಲಿ ಒಂದು ಒತ್ತು ಬಿಟ್ಟಿದೀಯ ಕಣಮ್ಮ" ಅಂದರು.

"ಎಲ್ಲಿ ಮಾವ?"

"ಸುರಕ್ಷತೆ ಅನ್ನೋದ್ರಲ್ಲಿ."

ಅಷ್ಟೇ. ಲೋಟ ತೊಳೆದಿಟ್ಟು, ಹಳೆಯ ಟ್ರಂಕಿನಿಂದ ಸಣ್ಣ ಸುತ್ತಿಗೆ ತೆಗೆದುಕೊಂಡು ಕೆಳಗಿಳಿದರು. ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಜಾರುಬಂಡೆಯ ಸುತ್ತ ಕಟ್ಟಿದ್ದ ಹಗ್ಗವನ್ನು ಎತ್ತಿ, ಬಗ್ಗಿ ಒಳಗೆ ಹೋದರು. ಎಪ್ಪತ್ತಮೂರರ ವಯಸ್ಸಿನಲ್ಲಿ, ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಟಣ್, ಟಣ್ ಎಂದು ಕಂಬಿ ಬಡಿಯುವ ಸದ್ದು ಮೇಲಿನವರೆಗೂ ಕೇಳಿಸುತ್ತಿತ್ತು. ಒಂದು ಕಡೆ ಸದ್ದು ಬದಲಾಯಿತು, ಒಡೆದ ಮಡಕೆ ಬಡಿದ ಹಾಗೆ. ಆಮೇಲೆ ಬಹಳ ಹೊತ್ತು ಸದ್ದೇ ಇಲ್ಲ.

ಮುರಿದು ಬಿದ್ದಿದ್ದ ಹಿಡಿಕಂಬಿಯನ್ನು ಅವರು ಮೇಲಕ್ಕೆ ತಂದು, ಹಜಾರದಲ್ಲಿ ಪೇಪರು ಹಾಸಿ ಅದರ ಮೇಲೆ ಮಲಗಿಸಿದರು. ಹೊರಗಿನಿಂದ ಕಂಬಿ ಚೆನ್ನಾಗಿಯೇ ಇತ್ತು. ವರ್ಷಕ್ಕೊಮ್ಮೆ ಬಳಿದ ಹಳದಿ ಬಣ್ಣ ಪದರ ಪದರವಾಗಿ ದಪ್ಪಗೆ ಕೂತಿತ್ತು. ಅವರು ಅದನ್ನು ಎತ್ತಿ ಕುಲುಕಿದರು. ಬುಡದ ತೂತಿನಿಂದ ಕೆಂಪು ಪುಡಿ ಹಿಡಿಗಟ್ಟಲೆ ಸುರಿಯಿತು.

"ಇದರ ಮೇಲ್ತುದಿ ನೋಡು."

ಅವಳು ನೋಡಿದಳು. ಕೊಳವೆಯ ಬಾಯಿ ತೆರೆದೇ ಇತ್ತು.

"ಇಲ್ಲಿ ಒಂದು ಬಿಲ್ಲೆ ಕೂರಿಸಿ ವೆಲ್ಡ್ ಮಾಡಬೇಕು. ಪೈಪಿನ ಬಾಯಿಗೆ ಮುಚ್ಚಳ ಇದ್ದ ಹಾಗೆ. ಇಲ್ಲದಿದ್ರೆ ಮಳೆ ನೀರು ಒಳಗೆ ಇಳಿದು ಬುಡದಲ್ಲಿ ನಿಲ್ಲುತ್ತೆ. ಒಳಗಿಂದ ತಿನ್ನುತ್ತೆ. ಹೊರಗೆ ಎಷ್ಟು ಬಣ್ಣ ಬಳಿದ್ರೇನು ಬಂತು." ಅವರು ಬೆರಳನ್ನು ಕೊಳವೆಯ ಬಾಯಲ್ಲಿ ಆಡಿಸಿದರು. "ಆಗ ಮಾರನೇ ದಿನಾನೇ ಅಂಗಳದ ಉದ್ಘಾಟನೆ ಇಟ್ಕೊಂಡಿದ್ರು. ನನ್ನ ಹತ್ತಿರ ಬಿಲ್ಲೆ ಮುಗಿದಿತ್ತು. ಎರಡೇ ಎರಡು ಕಮ್ಮಿ. ಮುಂದಿನ ಭಾನುವಾರ ಹಾಕಿದ್ರಾಯ್ತು ಅಂದ್ಕೊಂಡೆ."

"ಆಮೇಲೆ?"

"ಆಮೇಲೇನು. ಮರೆತೆ."

ಅವಳು ಪೊರಕೆ ತಂದು ಕೆಂಪು ಪುಡಿಯನ್ನು ಗುಡಿಸತೊಡಗಿದಳು. ಗುಡಿಸುತ್ತಲೇ ಅಂದಳು: "ಮಾವ, ಇದನ್ನ ಯಾರಿಗೂ ಹೇಳೋಕೆ ಹೋಗಬೇಡಿ. ಹಳೇದಾಗಿತ್ತು, ಮುರೀತು ಅಂತ ಎಲ್ಲರೂ ಒಪ್ಪಿಕೊಂಡಿದಾರೆ. ಗುಬ್ಬಿ ಅಮ್ಮ ಕೂಡ. ತಣ್ಣಗಾಗಿರೋದನ್ನ ಯಾಕೆ ಕೆದಕೋದು?"

"ಹಳೇದಾಗಿದ್ದಕ್ಕೆ ಮುರೀಲಿಲ್ಲ ಅದು."

"ನಂಗೊತ್ತು. ನಿಮಗೊತ್ತು. ಬೇರೆ ಯಾರಿಗೂ ಗೊತ್ತಾಗಲ್ಲ."

"ನಾನು ಮಾಡಿದ್ದನ್ನ ಕಬ್ಬಿಣದ ತಲೆಗೆ ಕಟ್ಟೋದಾ?" ಮಾವ ಮೊದಲ ಬಾರಿಗೆ ದನಿ ಏರಿಸಿದರು. ಅವಳು ಪೊರಕೆ ಹಿಡಿದು ನಿಂತಳು. ಮದುವೆಯಾಗಿ ಬಂದ ಹತ್ತೊಂಬತ್ತು ವರ್ಷದಲ್ಲಿ ಅವರು ಅವಳ ಮೇಲೆ ದನಿ ಏರಿಸಿದ್ದೇ ಇಲ್ಲ. ಅವರಿಗೂ ಅದು ತಟ್ಟಿರಬೇಕು. "ನಿನ್ನ ಮೇಲೆ ಅಲ್ಲಮ್ಮ" ಎಂದು ಎದ್ದು ಒಳಗೆ ಹೋದರು.

ಭಾನುವಾರದ ಸಭೆ ಎಂದಿನಂತೆ ನೆಲಮಹಡಿಯ ಉದ್ದನೆಯ ಕೋಣೆಯಲ್ಲಿ. ಹೊಸ ಜಾರುಬಂಡೆಯ ಬಣ್ಣದ ಚಿತ್ರಗಳು ಕೈಯಿಂದ ಕೈಗೆ ಹೋದವು. ಕೆಂಪು ಬೇಕೋ ನೀಲಿ ಬೇಕೋ ಎಂಬುದಕ್ಕೇ ಅರ್ಧ ಗಂಟೆ ಹಿಡಿಯಿತು. ಗುಬ್ಬಿಯ ಅಮ್ಮ ಮೂರನೇ ಸಾಲಿನಲ್ಲಿ ಕೂತಿದ್ದಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಪ್ರತಿದಿನ ಬೆಳಿಗ್ಗೆ ಅವಳೂ ಕಾರ್ಯದರ್ಶಿಯೂ ಒಂದೇ ಬಸ್ಸಿಗೆ ಹೋಗುವವರು. ಮೊದಲು ಹತ್ತಿದವರು ಇನ್ನೊಬ್ಬರಿಗೆ ಸೀಟು ಹಿಡಿಯುವಷ್ಟು ಗೆಳೆತನ.

ಎಲ್ಲ ಮುಗಿಯುವ ಹೊತ್ತಿಗೆ ಹಿಂದಿನಿಂದ ಮಾವ ಎದ್ದು ನಿಂತರು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಕಂಬಿ.

"ನಾನು ಒಂದು ಮಾತು ಹೇಳಬೇಕು" ಅಂದರು. ಸೊಸೆಗೆ ಮನೆಯಲ್ಲಿ ಹೇಳಿದ್ದನ್ನೇ ಹೇಳಿದರು. ಬಿಲ್ಲೆ, ನೀರು, ಮುಂದಿನ ಭಾನುವಾರ. ಕಂಬಿಯ ಬಾಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು ತೋರಿಸಿದರು. "ಇದು ನನ್ನ ಕೆಲಸದ ತಪ್ಪು. ಮಗು ಬಿದ್ದಿದ್ದು ಅದರಿಂದ."

ಅಧ್ಯಕ್ಷರು ಕೂಡಲೇ, "ಅಯ್ಯೋ ಬಿಡಿ ಯಜಮಾನ್ರೇ, ಅಷ್ಟು ಹಳೇ ಮಾತು..." ಎಂದು ಶುರು ಮಾಡಿದರು.

"ಒಂದ್ನಿಮಿಷ" ಎಂದು ಗುಬ್ಬಿಯ ಅಮ್ಮ ಎದ್ದಳು. "ಎರಡು ಬಿಲ್ಲೆನಾ? ಎರಡು ಬಿಲ್ಲೆ ಹಾಕೋಕೆ ನಿಮಗೆ ಮೂವತ್ತು ವರ್ಷ ಸಾಲಲಿಲ್ವಾ? ದಿನಾ ಅದರ ಮುಂದೇನೇ ಓಡಾಡ್ತೀರಲ್ಲ! ನನ್ನ ಮಗಳು ತಲೆ ಕೆಳಗಾಗಿ ಬಿದ್ದಿದ್ರೆ ಏನು ಹೇಳ್ತಿದ್ರಿ?"

"ಹೇಳೋಕೆ ಏನೂ ಇರ್ತಿರಲಿಲ್ಲಮ್ಮ" ಅಂದರು ಮಾವ.

ಗುಬ್ಬಿಯ ಅಮ್ಮ ಬ್ಯಾಗು ಎತ್ತಿಕೊಂಡು ಹೊರಟುಹೋದಳು. ಬಾಗಿಲ ಹತ್ತಿರ ಕಾರ್ಯದರ್ಶಿಯ ಕಡೆ ಒಂದು ಸಲ ತಿರುಗಿ ನೋಡಿದಳು. ನಿನಗೂ ಗೊತ್ತಿತ್ತಾ ಎಂಬಂಥ ನೋಟ. ಗೊತ್ತಿತ್ತು. ಕಾರ್ಯದರ್ಶಿ ತಲೆ ತಗ್ಗಿಸಿ ನಡಾವಳಿಯ ಪುಸ್ತಕದಲ್ಲಿ ಬರೆಯುವವಳಂತೆ ಕೂತಳು. ಆಮೇಲೆ ನಿಜವಾಗಿಯೂ ಬರೆದಳು, ಮಾವ ಹೇಳಿದ್ದನ್ನು ಅವರ ಮಾತಿನಲ್ಲೇ, ಏನನ್ನೂ ಮೆತ್ತಗೆ ಮಾಡದೆ.

ಮರುದಿನ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಅದರ ಮೇಲೆ ಅವಳು ಇಟ್ಟಿದ್ದ ಚೀಲ ಹಾಗೇ ಇತ್ತು. ಗುಬ್ಬಿಯ ಅಮ್ಮ ಮುಂದಿನ ಬಾಗಿಲಲ್ಲಿ ಹತ್ತಿ, ಇಳಿಯುವವರೆಗೂ ನಿಂತೇ ಬಂದಳು. ಹಾಗೆ ಒಂದು ವಾರ, ಎರಡು ವಾರ. ಮೆಟ್ಟಿಲಲ್ಲಿ ಸಿಕ್ಕವರು, "ತಾತನಿಗೆ ಯಾಕೆ ಬೇಕಿತ್ತು ಈ ಉಸಾಬರಿ" ಅನ್ನುತ್ತಿದ್ದರು. ಸೊಸೆಗೂ ಒಳಗೊಳಗೇ ಹಾಗೆಯೇ ಅನಿಸುತ್ತಿತ್ತು. ಗಂಡನ ಹತ್ತಿರ ಹೇಳಿದಳು ಕೂಡ. "ಅಪ್ಪನ ಸ್ವಭಾವ ನಂಗೆ ಹೊಸದಾ?" ಎಂದು ಅವನು ಪೇಪರಿನಿಂದ ಕಣ್ಣೆತ್ತಲಿಲ್ಲ. ಒಂದು ಬೆಳಿಗ್ಗೆ ಸಿಟ್ಟು ತಡೆಯಲಾರದೆ ಮಾವನಿಗೇ ಕೇಳಿದಳು: "ಹೇಳಿದ್ದರಿಂದ ಏನಾಯ್ತು ಮಾವ? ಆ ಮಗುವಿನ ಕೈ ಸರಿಹೋಯ್ತಾ? ನನಗೆ ಇದ್ದ ಒಬ್ಬಳು ಗೆಳತೀನೂ ಮಾತು ಬಿಟ್ಟಳು."

"ಅದು ನನಗೆ ಹೊಳೆದಿರಲಿಲ್ಲ ಕಣಮ್ಮ. ನಿನಗೆ ಬಿಸಿ ತಟ್ಟುತ್ತೆ ಅಂತ." ಹಾಗೆಂದ ಮಾವ, ಕ್ಷಮೆ ಕೇಳಲು ಬಾರದವರಂತೆ ಅವಳ ಊಟದ ಡಬ್ಬಿಯ ಮುಚ್ಚಳವನ್ನು ತಾವೇ ಬಿಗಿಯಾಗಿ ಹಾಕಿಕೊಟ್ಟರು.

ಉಳಿದ ಸಾಮಾನುಗಳೂ ಹೀಗೇ ಇದ್ದರೆ ಎಂದು ಅಧ್ಯಕ್ಷರಿಗೆ ದಿಗಿಲು ಹತ್ತಿತು. ಮಾವ ಉಯ್ಯಾಲೆಯ ಕಂಬಗಳನ್ನು, ಸೀಸಾದ ಕೀಲನ್ನು ಒಂದೊಂದಾಗಿ ಪರೀಕ್ಷಿಸಿದರು. ಅವೆಲ್ಲ ಗಟ್ಟಿಯಾಗಿದ್ದವು. ಆದರೂ ಸೀಸಾದ ಕೀಲು ಸವೆದಿದೆ, ಈ ವರ್ಷವೇ ಬದಲಿಸಿ ಎಂದು ಬರೆಸಿದರು. ಜಾರುಬಂಡೆಯನ್ನು ಕತ್ತರಿಸುವ ದಿನ ಬಂದ ಕೆಲಸಗಾರರಿಗೆ ಎಲ್ಲಿ ಕತ್ತರಿಸಿದರೆ ಸುಲಭವಾಗಿ ಬೀಳುತ್ತದೆಂದು ತಾವೇ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟರು. ಕಿಡಿ ಹಾರುವಾಗ ಹತ್ತಿರ ನಿಲ್ಲಲಿಲ್ಲ. ಮನೆಗೆ ಬಂದು ಮಲಗಿದರು. ಮಧ್ಯಾಹ್ನ ಊಟಕ್ಕೆ ಎಬ್ಬಿಸಲು ಹೋದಾಗ ಅವರು ಗೋಡೆಯ ಕಡೆ ತಿರುಗಿ, ಕಣ್ಣು ತೆರೆದೇ ಮಲಗಿದ್ದರು. ಅವಳು ಎಬ್ಬಿಸದೆ ಬಾಗಿಲು ಮುಂದೆ ಮಾಡಿ ಬಂದಳು.

ಹೊಸದು ಬಂತು, ನೀಲಿಯದು. ಮಕ್ಕಳು ಒಂದೇ ದಿನದಲ್ಲಿ ಹಳೆಯದನ್ನು ಮರೆತರು.

ಅದಾಗಿ ಹತ್ತು ದಿನಕ್ಕೆ, ಒಂದು ಶನಿವಾರ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಗುಬ್ಬಿಯ ಅಮ್ಮ.

"ತಾತ ಇದಾರಾ?"

"ಇದಾರೆ. ಒಳಗೆ ಬನ್ನಿ."

"ಇಲ್ಲ, ಕೂರಲ್ಲ." ಅವಳು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದಳು. "ನಮ್ಮ ಬಾಲ್ಕನಿ ಗ್ರಿಲ್ಲು ಅಲ್ಲಾಡುತ್ತೆ ಅನಿಸ್ತಿದೆ. ಇಬ್ಬರನ್ನ ಕರೆಸಿ ತೋರಿಸಿದೆ. ಇಬ್ಬರೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಏನೂ ಆಗಲ್ಲ ಮೇಡಂ ಅಂದ್ರು. ನಂಗೆ ಅದು ಸಾಕಾಗಲಿಲ್ಲ. ತಾತ ಒಂದ್ಸಲ ಬಂದು ನೋಡಲಿ. ಕೆಟ್ಟಿದ್ರೆ ಕೆಟ್ಟಿದೆ ಅಂತ ಹೇಳ್ತಾರೆ."

ಸೊಸೆಗೆ ಕಣ್ಣು ತುಂಬಿ ಬಂತು. ತೋರಿಸಿಕೊಳ್ಳದೆ, "ಮಾವಾ" ಎಂದು ಒಳಗೆ ಕೂಗಿದಳು.

ಮೂವರೂ ಹೋದರು. ಬಾಲ್ಕನಿಯಲ್ಲಿ ಗಿಡದ ಕುಂಡಗಳು ಸಾಲಾಗಿ ಗ್ರಿಲ್ಲಿಗೆ ಒತ್ತಿಕೊಂಡಿದ್ದವು. ಮಾವ ಅವನ್ನೆಲ್ಲ ಸರಿಸಿ ನೆಲದ ಮೇಲೆ ಕೂತು, ಗೋಡೆಗೆ ಗ್ರಿಲ್ಲು ಸೇರುವ ಜಾಗಗಳನ್ನು ಟಾರ್ಚು ಬಿಟ್ಟು ನೋಡತೊಡಗಿದರು. ಗುಬ್ಬಿ ಬಂದು ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಕೈಯ ಪಟ್ಟಿ ಬಿಚ್ಚಿಯಾಗಿತ್ತು. ಬಿಚ್ಚಿದ ಕೈ ಇನ್ನೊಂದಕ್ಕಿಂತ ತೆಳ್ಳಗೆ, ಬೆಳ್ಳಗೆ ಕಾಣುತ್ತಿತ್ತು. ಮಾವ ಒಂದು ಸಲ ಆ ಕೈ ನೋಡಿ, ಮತ್ತೆ ಗ್ರಿಲ್ಲಿನ ಕಡೆ ತಿರುಗಿದರು.

"ತಾತ, ಮೀಟಿಂಗಲ್ಲಿ ನಿಮಗೆ ನಮ್ಮಮ್ಮ ಬೈದ್ರಂತೆ?"

"ಗುಬ್ಬೀ!" ಎಂದಳು ಅವಳ ಅಮ್ಮ.

"ಬೈದ್ರು ಪುಟ್ಟಾ" ಅಂದರು ಮಾವ. "ಚೆನ್ನಾಗಿ ಬೈದ್ರು."

"ನಿಮಗೆ ಅಳು ಬಂತಾ?"

ಮಾವ ಟಾರ್ಚು ಆರಿಸಿದರು. "ಮನೆಗೆ ಹೋದ ಮೇಲೆ ಬಂತು."

ಗುಬ್ಬಿ ಸಮಾಧಾನ ಹೇಳುವವಳಂತೆ, "ಬಿದ್ದಾಗ ನಾನೂ ಅತ್ತೆ" ಅಂದಳು.

"ಅತ್ತೆನಾ? ಇಷ್ಟು ಚಿಕ್ಕವಳು ಯಾರಿಗೆ ಅತ್ತೆ ಆದೆ?"

ಗುಬ್ಬಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಕಿಲಕಿಲನೆ ನಕ್ಕು ಹಿಂದಕ್ಕೆ ವಾಲಿದವಳು ಕುಂಡವೊಂದನ್ನು ಒದ್ದಳು. ಅವಳ ಅಮ್ಮ "ಮಣ್ಣು, ಮಣ್ಣು!" ಎಂದು ಓಡಿಬಂದು, ಕುಂಡ ಹಿಡಿದುಕೊಂಡು, ತಾನೂ ನಕ್ಕುಬಿಟ್ಟಳು.

"ಗ್ರಿಲ್ಲು ಗಟ್ಟಿಯಾಗಿದೆಯಮ್ಮ" ಎಂದು ಮಾವ ಹೇಳಿದರು. "ಎಡಗಡೆಯ ಎರಡು ಬೋಲ್ಟು ಮಾತ್ರ ತುಕ್ಕು ಹಿಡಿದಿವೆ. ಕುಂಡದ ನೀರು ಅಲ್ಲೇ ಇಳೀತಿದೆ. ಅವನ್ನ ಬದಲಾಯಿಸಬೇಕು. ಅಲ್ಲಿವರೆಗೆ ಮಗು ಈ ಕಡೆ ಬರೋದು ಬೇಡ."

"ಯಾವಾಗ ಬದಲಾಯಿಸೋಣ?"

"ಈಗಲೇ. ಬೋಲ್ಟು ತರೋಕೆ ಹೋಗ್ತೀನಿ" ಎಂದು ಅವರು ಗೋಡೆ ಹಿಡಿದು ಎದ್ದರು. ಸೊಸೆ ಅವರ ತೋಳಿಗೆ ಕೈ ಕೊಟ್ಟಳು. ಗುಬ್ಬಿಯ ಅಮ್ಮ ಚಪ್ಪಲಿ ಹುಡುಕತೊಡಗಿದಳು. ಅಂಗಡಿ ದೂರವಿತ್ತು, ತಾನೂ ಜೊತೆಗೆ ಬರುತ್ತೇನೆ ಅಂದಳು.