ಮೌಸ್‌ನೊಳಗಿನ ಸಾಲು

ಮೂರು ಗಂಟೆಗೆ ಅಣ್ಣನ ಬಂದೂಕು ನೆಲ ನೋಡತೊಡಗಿತು. ಪಂದ್ಯ ಇದ್ದದ್ದು ನಾಲ್ಕಕ್ಕೆ.

ನಾನು ಕೆಲಸ ಮಾಡುವ ಗೇಮ್ ಅಂಗಡಿಯಲ್ಲಿ ಹದಿನಾಲ್ಕು ಕಂಪ್ಯೂಟರ್‌ಗಳಿವೆ. ಕೀಬೋರ್ಡಿನ ಸಂದಿಯಿಂದ ಬಿಸ್ಕತ್ತಿನ ಪುಡಿ ತೆಗೆಯುವುದು, ಕೆಟ್ಟ ಮೌಸ್‌ಗಳ ಸ್ವಿಚ್ ಬದಲಿಸುವುದು, ಆಟಗಾರರಿಗೆ ಮ್ಯಾಕ್ರೋ ಬರೆದುಕೊಡುವುದು ನನ್ನ ಕೆಲಸ. ಮ್ಯಾಕ್ರೋ ಎಂದರೆ, ಒಂದು ಬಟನ್ ಒತ್ತಿದರೆ ಹಲವು ಕೆಲಸಗಳು ತಾವಾಗಿಯೇ ನಡೆಯುವಂತೆ ಬರೆದಿಡುವ ಪಟ್ಟಿ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ಆಡುವವರ ಬೆನ್ನ ಹಿಂದೆ ಒರೆಸುವ ಬಟ್ಟೆ ಹಿಡಿದು ನಿಂತು, ನೋಡಿ ಕಲಿತೆ. ಮಾಲೀಕರು ಗಿರಾಕಿಗಳಿಗೆ ಹೇಳುವುದುಂಟು: "ಇವಳನ್ನ ಮಾತಾಡಿಸ್ಬೇಡಿ, ಮೌಸ್ ಕೊಡಿ ಸಾಕು. ಮೌಸ್‌ಗಾದ್ರೂ ಬಾಯಿ ಬಂದೀತು, ಇವಳಿಗೆ ಬರಲ್ಲ."

ಎರಡು ವರ್ಷದ ಹಿಂದೆ ರಟ್ಟು ಕತ್ತರಿಸುವ ಯಂತ್ರ ಅಣ್ಣನ ಎಡಗೈಯ ಮೂರು ಬೆರಳುಗಳನ್ನು ತೆಗೆದುಕೊಂಡಿತು. ಆಮೇಲೆ ಒಂದು ವರ್ಷ ಅವನು ಕೋಣೆ ಬಿಟ್ಟು ಬರಲಿಲ್ಲ. ಅಮ್ಮ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಬರುತ್ತಿದ್ದಳು. ಒಂದು ದಿನ ನಾನೇ ಕಾಡಿ ಬೇಡಿ ಅವನನ್ನು ಅಂಗಡಿಗೆ ಕರೆತಂದು, ಬೇರೆ ಬೇರೆ ಊರಿನವರು ಎದುರುಬದುರಾಗಿ ಗುಂಡು ಹಾರಿಸಿಕೊಳ್ಳುವ ಆಟಕ್ಕೆ ಕೂರಿಸಿದೆ. ಉಳಿದ ಎರಡು ಬೆರಳಲ್ಲಿ ಅವನು ನಡೆಯುವ ಕೀಲಿಗಳನ್ನು ಒತ್ತಿದ. ಬಗ್ಗುವುದು, ಗುಂಡು ತುಂಬುವುದು, ಬಾಂಬ್ ಎಸೆಯುವುದು ಈ ಮೂರನ್ನು ನಾನು ಮ್ಯಾಕ್ರೋ ಬರೆದು ಮೌಸ್‌ನ ಪಕ್ಕದ ಬಟನ್‌ಗಳಿಗೆ ಸೇರಿಸಿದೆ. ಪಂದ್ಯ ನಡೆಸುವವರು ಆ ಪಟ್ಟಿಯನ್ನು ಓದಿ ಅನುಮತಿ ಕೊಟ್ಟರು. ಇಷ್ಟೇ, ಇದಕ್ಕಿಂತ ಒಂದಕ್ಷರ ಹೆಚ್ಚು ಇರಕೂಡದು ಎಂದರು.

ಹೆಚ್ಚು ಇತ್ತು. ಬರೆದವಳು ನಾನು.

ಆ ಆಟದಲ್ಲಿ ಗುಂಡು ಹಾರಿದಂತೆಲ್ಲ ಬಂದೂಕು ಒದ್ದು ಮೇಲಕ್ಕೇಳುತ್ತದೆ. ಆಡುವವರು ಅಷ್ಟೇ ಹದವಾಗಿ ಮೌಸನ್ನು ಕೆಳಗೆ ಎಳೆಯುತ್ತಿರಬೇಕು. ಅಣ್ಣನಿಗೆ ಅದು ಒಗ್ಗಲಿಲ್ಲ. ಪ್ರತಿ ಸಲವೂ ಎಲ್ಲರಿಗಿಂತ ಮೊದಲು ಸತ್ತು, ಎಡಗೈಯನ್ನು ಜೇಬಿಗೆ ತುರುಕಿಕೊಂಡು ಮನೆಗೆ ಹೋಗುತ್ತಿದ್ದ. ಒಂದು ದಿನ, "ನಾಳೆಯಿಂದ ಬರಲ್ಲ ಕಣೇ," ಎಂದ. ಮತ್ತೆ ಆ ಕೋಣೆ, ಮತ್ತೆ ಬಾಗಿಲ ಬಳಿ ತಟ್ಟೆ. ನನಗೆ ತಡೆಯಲಾಗಲಿಲ್ಲ. ಅವನು ಹೋದ ಮೇಲೆ, ಗುಂಡು ಹಾರಿಸುವ ಬಟನ್‌ಗೆ ಒಂದು ಸಾಲು ಸೇರಿಸಿದೆ: ಒಂದೊಂದು ಗುಂಡು ಹಾರಿದಾಗಲೂ ಗುರಿ ತಾನಾಗಿಯೇ ಮೂರು ಹೆಜ್ಜೆ ಕೆಳಗೆ. ಕಂಪ್ಯೂಟರಿನಲ್ಲಿ ಬರೆದರೆ ಯಾರಾದರೂ ನೋಡುತ್ತಾರೆಂದು ಮೌಸ್‌ನೊಳಗಿನ ಪುಟ್ಟ ಮೆಮೊರಿಯಲ್ಲಿ ಬರೆದೆ.

ಮರುದಿನ, ಇದೊಂದೇ ಸಲ ಬಾ ಎಂದು ಬೇಡಿ ಅವನನ್ನು ಕರೆತಂದೆ. ಗುಂಡುಗಳೆಲ್ಲ ಒಂದೇ ಕಡೆ ಬಿದ್ದವು. ಹದಿನೈದು ದಿನಕ್ಕೆ ಒಂದು ತಂಡದವರು ಅವನನ್ನು ಸೇರಿಸಿಕೊಂಡು 'ಗುರಿಕಾರ' ಎಂದು ಕರೆಯತೊಡಗಿದರು. ಅವನು ನಮ್ಮ ಜೊತೆ ಊಟಕ್ಕೆ ಕುಳಿತ. ಜೇಬಿನಿಂದ ಕೈ ಹೊರಬಂತು. ನಾಳೆ ಅಳಿಸೋಣ, ನಾಳೆ ಅಳಿಸೋಣ ಎಂದುಕೊಳ್ಳುತ್ತ ಎರಡು ತಿಂಗಳು ಕಳೆದೆ.

ಈ ದಿನದ ಪಂದ್ಯದಲ್ಲಿ ಚೆನ್ನಾಗಿ ಆಡಿದರೆ ತಂಡದಲ್ಲಿ ಅವನ ಜಾಗ ಕಾಯಂ. ಮಧ್ಯಾಹ್ನ ಆಟಕ್ಕೆ ಅಪ್‌ಡೇಟ್ ಬಂತು.

"ಬಂದೂಕಿನ ಒದೆತ ಕಮ್ಮಿ ಮಾಡಿದೀವಿ ಅಂತ ಹಾಕಿದಾರೆ," ಎಂದ ಅಣ್ಣ. "ಇಲ್ಲಿ ನೋಡಿದ್ರೆ ನೆಲ ಅಗೀತಿದೆ. ಏನಾಗಿದೆ ನೋಡೇ."

ನೋಡುವುದೇನಿತ್ತು? ಒದೆತ ಕಡಿಮೆಯಾಗಿತ್ತು, ನನ್ನ ಮೂರು ಹೆಜ್ಜೆ ಹಾಗೇ ಇತ್ತು. ಆದರೂ ಬಗ್ಗಿ ಮೌಸನ್ನು ಮಗುಚಿ, ಬೆಳಕಿನ ಕಿಂಡಿಯಲ್ಲಿ ಕೂದಲು ಸಿಕ್ಕಿದೆಯೇನೋ ಎಂಬಂತೆ ಊದಿದೆ. ಮೌಸ್‌ನ ಕೆಳಗಿನ ಹಾಸನ್ನು ಒರೆಸಿದೆ. ವೈರನ್ನು ಬೇರೆ ಕಿಂಡಿಗೆ ಚುಚ್ಚಿದೆ. ಗೊತ್ತಿದ್ದೂ ಹುಡುಕುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು.

ಅಣ್ಣ ಮ್ಯಾಕ್ರೋ ಪಟ್ಟಿ ತೆರೆದು ಬೆರಳಿಟ್ಟು ಓದಿದ. "ಬಗ್ಗೋದು, ತುಂಬೋದು, ಎಸೆಯೋದು. ಎಲ್ಲ ಸರಿಯಾಗಿದೆಯಲ್ಲ." ಇಡೀ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದ. ಮೌಸನ್ನು ಪಕ್ಕದ ಕಂಪ್ಯೂಟರಿಗೆ ಹಾಕಿ ನೋಡಿದ. ಅಲ್ಲೂ ಬಂದೂಕು ನೆಲಕ್ಕೇ ಇಳಿಯಿತು.

"ಮೌಸ್ ಹೋದ ಕಡೆ ಕಾಯಿಲೆ ಹೋಗ್ತಿದೆ," ಎಂದ. "ಅಂದ್ರೆ ಮೌಸೇ ಕೆಟ್ಟಿದೆ. ಬೇರೆ ಕೊಡು."

ಅಂಗಡಿಯ ಸಾದಾ ಮೌಸ್ ಕೊಟ್ಟೆ. ಅವನು ಗೋಡೆಗೆ ಗುರಿಯಿಟ್ಟು ಹಾರಿಸಿದ. ಬಂದೂಕು ಒದ್ದು ಮೇಲೆದ್ದಿತು. ಗುಂಡುಗಳು ಗೋಡೆ ಹತ್ತಿ ಚಾವಣಿ ಸೇರಿದವು. ಎರಡು ತಿಂಗಳಿಂದ ಅವನ ಕೈ ಎಳೆದೇ ಇರಲಿಲ್ಲವಲ್ಲ.

"ಇದೂ ಕೆಟ್ಟಿದೆ. ಇನ್ನೊಂದು ಕೊಡು."

ಇನ್ನೊಂದು ಕೊಟ್ಟೆ. ಅದೂ ಮೇಲೆ ಹೋಯಿತು. ಮೂರನೆಯದೂ.

ಮಾಲೀಕರು ತಮ್ಮ ಜಾಗದಿಂದಲೇ ಕೂಗಿದರು. "ಏನಪ್ಪಾ ಗುರಿಕಾರ, ನನ್ನ ಅಂಗಡಿ ಮೌಸ್‌ಗಳನ್ನೆಲ್ಲ ನಪಾಸು ಮಾಡ್ತೀಯಾ? ಅವೂ ನಿನ್ನ ತಂಗಿ ಥರ ಪಾಪದವು."

ಅಣ್ಣ ನಗಲಿಲ್ಲ. ಬಲಗೈಯನ್ನು ಮೌಸ್ ಮೇಲಿಂದ ಎತ್ತಿ ಮುಖದ ಹತ್ತಿರ ಹಿಡಿದು ನೋಡಿದ.

"ಒಂದು ಮೌಸ್ ಕೆಡಬಹುದು. ನಾಲ್ಕೂ ಕೆಡುತ್ತಾ? ಮೌಸ್ ಅಲ್ಲ ಕಣೇ. ನನ್ನ ಕೈ. ಈ ಕೈಯೂ ಹೋಗ್ತಿದೆ."

"ಇಲ್ಲಣ್ಣ," ಎಂದೆ. ನನಗೇ ಕೇಳಿಸಿತೋ ಇಲ್ಲವೋ.

"ಬೆಳಿಗ್ಗೆ ಲೋಟ ಎತ್ತುವಾಗ ನಡುಗ್ತು. ನಾನೇ ಸುಮ್ಮನಾದೆ." ಅವನು ಎದ್ದು ಹಿಂದಿನ ಬಾಗಿಲಾಚೆಯ ನಲ್ಲಿಗೆ ಹೋದ.

ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಅವನ ಹಳೆಯ ಮೌಸನ್ನು ಚುಚ್ಚಿ ಅದರ ಮೆಮೊರಿ ತೆರೆದೆ. ನನ್ನ ಸಾಲು ಅಲ್ಲಿತ್ತು. ಮೂರನ್ನು ಅಳಿಸಿ ಒಂದು ಬರೆದೆ. ಅಷ್ಟೇ ಸಾಕಿತ್ತು. ಉಳಿಸು ಎಂಬ ಬಟನ್ ಒತ್ತಿದರೆ ಬಂದೂಕು ನೇರ ನಿಲ್ಲುತ್ತಿತ್ತು, ಅಣ್ಣ ಗೆಲ್ಲುತ್ತಿದ್ದ, ಅಮ್ಮ ನಾಲ್ಕು ಜನಕ್ಕೆ ಹೇಳಿಕೊಂಡು ಬರುತ್ತಿದ್ದಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬಾಗಿಲ ಸಂದಿಯಿಂದ ಅವನು ಕಾಣುತ್ತಿದ್ದ. ನಲ್ಲಿ ಬಿಟ್ಟು, ಬಲಗೈಯನ್ನು ನೀರಿಗೊಡ್ಡಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತಿದ್ದ. ಎಡಗೈಯಲ್ಲಿ ಜೀವ ಉಳಿದಿದೆಯೇ ಎಂದು ನೋಡಲು ಆಸ್ಪತ್ರೆಯಲ್ಲಿ ಹಾಗೆ ಮಾಡಿಸುತ್ತಿದ್ದರು. ಕಿರುಬೆರಳಿನವರೆಗೆ ಹೋಗಿ ಮತ್ತೆ ಹೆಬ್ಬೆರಳಿನಿಂದ ಶುರುಮಾಡಿದ.

ನಾನು ಉಳಿಸು ಒತ್ತಲಿಲ್ಲ. ಒಂದನ್ನು ಅಳಿಸಿ ಮತ್ತೆ ಮೂರು ಬರೆದೆ. ಪರದೆಯನ್ನು ಹಾಗೇ ತೆರೆದಿಟ್ಟು ಕುರ್ಚಿ ಬಿಟ್ಟು ಎದ್ದೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಅವನು ಬಂದು ಕೈ ಒರೆಸಿಕೊಳ್ಳುತ್ತ ಓದಿದ. "ಇದೇನಿದು?"

"ಮೌಸ್ ಒಳಗೆ ಇತ್ತು."

"ಯಾರು ಬರೆದದ್ದು?"

ನಾನು ಒರೆಸುವ ಬಟ್ಟೆಯನ್ನು ಮಡಚಿದೆ.

"ಯಾವಾಗಿಂದ?"

"ಇನ್ನು ಬರಲ್ಲ ಅಂದೆಯಲ್ಲ. ಆವತ್ತಿಂದ. ನಿನ್ನ ಕೈಗೆ ಏನೂ ಆಗಿಲ್ಲಣ್ಣ. ಸಾದಾ ಮೌಸ್ ಇರೋದೇ ಹಾಗೆ. ಎಲ್ರಿಗೂ ಮೇಲೆ ಹೋಗುತ್ತೆ."

ಅವನು ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದ. "ಅಂದ್ರೆ ಗುರಿಕಾರ ನೀನು," ಎಂದ. ಬೈದಿದ್ದರೆ ಚೆನ್ನಾಗಿತ್ತು.

ಹತ್ತು ನಿಮಿಷ ಉಳಿದಿದ್ದಾಗ ಹೆಡ್‌ಫೋನ್ ಹಾಕಿಕೊಂಡ. "ಕ್ಯಾಪ್ಟನ್, ನನ್ನ ಮೌಸ್‌ನಲ್ಲಿ ಇರಬಾರದ್ದು ಒಂದು ಸಾಲಿದೆ. ಎರಡು ತಿಂಗಳಿಂದ. ಆ ಗುರಿ ನಂದಲ್ಲ."

ಹೆಡ್‌ಫೋನಿನಿಂದ ಸೋರಿದ ದನಿ ನನಗೂ ಕೇಳಿಸಿತು. "ಈಗ ಹೇಳ್ತೀಯೇನಪ್ಪಾ, ಇಷ್ಟು ದಿನ ನಿದ್ದೆ ಮಾಡ್ತಿದ್ದೆಯಾ? ಯಾರು ಹಾಕಿದ್ದು?"

"ನನ್ನ ಮೌಸು. ಯಾರು ಅನ್ನೋದನ್ನ ಕಟ್ಕೊಂಡು ಏನು ಮಾಡ್ತೀರಾ?"

ಮುಂದಿನ ಮಾತು ನನಗೆ ಕೇಳಿಸಲಿಲ್ಲ. ಅಣ್ಣ ಎರಡು ಸಲ "ಹೂಂ" ಎಂದ. ಒಂದು ಸಲ "ಗೊತ್ತು" ಎಂದ. ಪರದೆಯ ಮೇಲಿನ ತಂಡದ ಪಟ್ಟಿಯಲ್ಲಿ ಅವನ ಹೆಸರು ಮಸುಕಾಯಿತು, ಅದರ ಜಾಗದಲ್ಲಿ ಇನ್ನೊಬ್ಬನ ಹೆಸರು ಬಂತು.

ಅವನು ಎದ್ದು ಹೋಗುತ್ತಾನೆ ಎಂದು ಕಾದೆ. ಎಡಗೈ ಜೇಬಿಗೆ ಹೋಗುವುದನ್ನೇ ನೋಡುತ್ತ ನಿಂತೆ.

ಅವನು ಹಳೆಯ ಮೌಸನ್ನು ಕಿತ್ತು, ವೈರು ಸುತ್ತಿ, ನನ್ನ ಕಡೆ ನೋಡದೆಯೇ ಚಾಚಿದ. ಸಾದಾ ಮೌಸ್ ಚುಚ್ಚಿದ.

"ಅಣ್ಣ."

"ಮಾತಾಡಿಸ್ಬೇಡ. ಈವತ್ತು ಬೇಡ."

ನಾನು ಕೊನೆಯ ಕಂಪ್ಯೂಟರಿನ ಬಳಿ ಹೋಗಿ, ಚೊಕ್ಕಟವಾಗಿಯೇ ಇದ್ದ ಕೀಬೋರ್ಡನ್ನು ಒರೆಸತೊಡಗಿದೆ. ಅಲ್ಲಿಂದ ಅವನ ಪರದೆ ಕಾಣುತ್ತಿತ್ತು. ಅಭ್ಯಾಸದ ಗೋಡೆ ತೆರೆದು ಹಾರಿಸಿದ. ಗುಂಡುಗಳು ಚಾವಣಿ ಸೇರಿದವು. ಗೋಡೆಯ ಮೇಲಿನ ಗುಂಡಿನ ಗುರುತು ಅಳಿಸಿ ಮತ್ತೆ ಹಾರಿಸಿದ. ಮತ್ತೆ ಚಾವಣಿ. ನಾಲ್ಕು ಗಂಟೆ ಆಯಿತು. ಎಲ್ಲೋ ಅವನ ತಂಡ ಅವನಿಲ್ಲದೆ ಆಡಲು ಶುರುಮಾಡಿತು. ಅವನು ಭುಜ ಬಗ್ಗಿಸಿ, ಮೊಣಕೈಯನ್ನು ಮೇಜಿಗೆ ಒತ್ತಿ, ಮೌಸನ್ನು ಮೈಕಡೆಗೆ ಜಗ್ಗುತ್ತಿದ್ದ. ಎಷ್ಟು ಜಗ್ಗಬೇಕೆಂದು ನನಗೆ ಗೊತ್ತಿತ್ತು. ಅವನು ಕೇಳಲಿಲ್ಲ.