ಬಿಲ್ಲೆಯ ಸುತ್ತಿನ ಬಯಲು

ಸತ್ತವರ ಮೇಲಿನ ಸಂಶಯವನ್ನು ಕತೆ ಮಾಡಿ ಹೇಳುವುದು ತಪ್ಪೇ, ತಿಳಿದವರು ಮನ್ನಿಸಬೇಕು. ಮೆಹಕರ ಊರಿನ ಸಾವಿನ ಮನೆಯ ಅಂಗಳದಲ್ಲಿ ಹೆಣಕ್ಕೆ ಸ್ನಾನ ಮಾಡಿಸಲು ಹಂಡೆ ಒಲೆಯ ಮೇಲೇರಿಸುತ್ತಿದ್ದಾಗ ಅಲಕಾ ಚಪ್ಪಲಿ ಕಳಚಿ ಒಳಗೆ ಬಂದಳು. ಭಾಲ್ಕಿಯಿಂದ ಆಟೋದಲ್ಲಿ ಬರುವಷ್ಟೂ ಹೊತ್ತು ಅವಳು ಅತ್ತಿರಲಿಲ್ಲ. ಸತ್ತವನು ತನಗೆ ಮೋಸ ಮಾಡಿದ್ದನೋ ಇಲ್ಲವೋ ಎಂದೇ ಯೋಚಿಸಿದ್ದಳು.

ಧೊಂಡಿಬಾ ಬೀದರದ ಕಾಲೇಜಿನಲ್ಲಿ ಅವಳು ಸಂಶೋಧನೆ ಮಾಡುವ ಪ್ರಯೋಗಶಾಲೆಯ ಜವಾನ. ಇಪ್ಪತ್ತಾರು ವರ್ಷ ಗಾಜು ತೊಳೆದವನು. ಜ್ವರದಿಂದ ಹೋದನೆಂದು ಬೆಳಿಗ್ಗೆ ಫೋನು ಬಂದಿತ್ತು.

"ಬೀದರದಾಗ ಜವಾನ, ಊರಿಗಿ ಬಂದ್ರ ಕುರಿ ಡಾಕ್ಟರ್," ಎಂದ ನೆರೆಮನೆಯ ಮಾಣಿಕ. "ಕುರಿ ಉಳಿದ್ರ ತನ್ನ ಔಷಧ, ಸತ್ರ ಕುರಿ ಹಣೇಬರಹ!"

ಮುದುಕರಿಬ್ಬರು ನಕ್ಕರು. ಧೊಂಡಿಬಾನ ಮಗ ದಿಲೀಪ ನಗಲಿಲ್ಲ.

"ಮಣ್ಣಿಗಿ ಬಂದೀರೋ, ಕೆಲಸಕ್ಕ ಬಂದೀರೋ, ಮೇಡಂ?"

"ಮಣ್ಣಿಗೇ ಬಂದೀನಿ, ದಿಲೀಪ."

ಅರ್ಧ ಸುಳ್ಳು. ಸೋಮವಾರ ಅವಳು ತನ್ನ ಪಿಎಚ್.ಡಿ. ಪ್ರಬಂಧಕ್ಕೆ ಸಹಿ ಹಾಕಿ ಕೊಡಬೇಕಿತ್ತು. ಅದರ ಜೀವವೆಲ್ಲ ಧೊಂಡಿಬಾ ತಂದುಕೊಟ್ಟ ಒಂದು ಎಲೆಯಲ್ಲಿತ್ತು.

*

ದಗಡಿಪಾಲಾ ಎಂದರೆ ಹೊಲದ ಒಡ್ಡಿನ ಮೇಲೆ ಬೆಳೆಯುವ, ಕುರಿಯ ಗಾಯಕ್ಕೆ ಅರೆದು ಹಚ್ಚುವ ಸೊಪ್ಪು. ಅದರ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ರೋಗಾಣು ಬಿತ್ತಿದ ತಟ್ಟೆಯಲ್ಲಿ ಇಟ್ಟರೆ, ಮರುದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ದುಂಡನೆಯ ಬಯಲು, ಸೊಪ್ಪು ರೋಗಾಣುವನ್ನು ಕೊಂದ ಗುರುತು. ಮೂರು ಸಲವೂ ಬಿದ್ದಿತ್ತು. ಮೂರು ಸಲವೂ ಎಲೆ ಒಣಗಿಸಿ ಬಿಲ್ಲೆ ಇಟ್ಟವನು ಧೊಂಡಿಬಾ. ಅವನು ರಜೆ ಹಾಕಿದ ವಾರ ಎಲ್ಲವನ್ನೂ ಅವಳೇ ಮಾಡಿದಳು. ಬಯಲು ಬೀಳಲಿಲ್ಲ.

ಫ್ರಿಜ್ಜಿನಲ್ಲಿ ಹೋಲಿಸಿ ನೋಡಲೆಂದು ಇಟ್ಟ ಆಂಟಿಬಯೋಟಿಕ್ ಸೀಸೆ ಇತ್ತು. ಅದರ ಒಂದು ಹನಿ ಬಿಲ್ಲೆಗೆ ಸೋಕಿದರೂ ಬಯಲು ಬೀಳುತ್ತದೆ. ಧೊಂಡಿಬಾನನ್ನು ಕೇಳುವ ಬದಲು ಅವಳು ಫ್ರಿಜ್ಜಿಗೆ ಬೀಗ ಹಾಕಿದಳು.

ಧೊಂಡಿಬಾ ರಜೆಯಿಂದ ಬಂದು ಬೀಗ ನೋಡಿದ. "ಎಲಿ ನೆರಳಾಗ ಒಣಗಿಸಿದ್ರೇನ್ರಿ ಮೇಡಮ್ಮೋರ, ಬಿಸಿ ಪೆಟ್ಟಿಗ್ಯಾಗೋ?"

ಬಿಸಿ ಪೆಟ್ಟಿಗೆಯಲ್ಲೇ ಒಣಗಿಸಿದ್ದಳು. "ನೀವು ತಟ್ಟಿ ತೊಳೀರಿ ಮಾಮಾ, ಅಷ್ಟ ಸಾಕು," ಎಂದಳು.

*

ಹೆಂಗಸರ ನಡುವೆ ಜಾಗ ಮಾಡಿಕೊಂಡು ಅಲಕಾ ಧೊಂಡಿಬಾನ ಹೆಂಡತಿ ಸುಂದರಬಾಯಿಯ ಬಳಿ ಕುಳಿತಳು. "ಮಾವಶಿ, ಮಾಮಾ ಕಾಲೇಜಿನ ಸುದ್ದಿ ಏನರೆ ಹೇಳಿದ್ರೇನ್ರಿ?"

"ಬೀಗದ ಸುದ್ದಿ ಹೇಳಿದ್ರು. ಅವತ್ತ ಉಣ್ಣಲಿಲ್ಲ."

"ಮತ್ತ?"

"ಮತ್ತೇನವ್ವ, ಕಾಲಿಗಿ ಕೊಡ್ಲಿ ಬಡೀತು. ಬಾತು ಕರ್ರಗಾತು, ಜ್ವರ ಏರ್ತು. ದವಾಖಾನಿಗಿ ನಡೀರಿ ಅಂತ ಕೈ ಮುಗದೆ. ಬ್ಯಾಡ ಅಂತ ದಗಡಿಪಾಲಾ ಅರೆದು ಕಟ್ಕೊಂಡ್ರು. 'ಮೇಡಮ್ಮೋರ ತಟ್ಟ್ಯಾಗ ಕಣ್ಣಾರೆ ನೋಡೀನಿ, ಈ ಎಲಿ ಮುಂದ ಯಾವ ಹುಳಾನೂ ನಿಲ್ಲಂಗಿಲ್ಲ' ಅಂದ್ರು."

ಅಲಕಾ ಹೆಣದ ಕಾಲಿನ ಕಡೆ ನೋಡಿದಳು. ಸೀಸೆಯ ಹನಿ ಹಾಕಿದವನು ಅದೇ ಎಲೆಗೆ ತನ್ನ ಕಾಲು ಒಪ್ಪಿಸುತ್ತಾನೆಯೇ?

ನೀರು ಕಾದಿತ್ತು. ದಿಲೀಪ ಅಪ್ಪನ ಪಾದದ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿದ. ಒಳಗೆ ಅರೆದ ಸೊಪ್ಪು ಕಪ್ಪು ಹಸಿರಾಗಿ ಅಂಟಿತ್ತು. ಅದನ್ನು ಎಸೆಯಲು ಹೋದವನು ನಿಂತ. ನೇರ ಅಲಕಾಳ ಮುಂದೆ ಬಂದ.

"ತಗೋರಿ ಮೇಡಂ. ಇದನ್ನೂ ಪರೀಕ್ಷಾ ಮಾಡ್ರಿ."

ಅಂಗಳವೆಲ್ಲ ಅವಳನ್ನೇ ನೋಡಿತು. ಸೋಮವಾರದ ಸಹಿ ಆಗದೆಂದು ಅವಳಿಗೆ ಅಲ್ಲೇ ತಿಳಿಯಿತು. ತೀರ್ಥಕ್ಕೆ ಒಡ್ಡುವ ಹಾಗೆ ಎರಡೂ ಕೈ ಒಡ್ಡಿದಳು. ಬಟ್ಟೆ ಇನ್ನೂ ಹಸಿಯಾಗಿತ್ತು.

ಎಲೆಯ ಸಂಗತಿಯನ್ನು, ನೆರಳಲ್ಲಿ ಒಣಗಿಸಿ ಇಟ್ಟರೆ, ಇನ್ನೊಂದು ತಟ್ಟೆ ಹೇಳಬಹುದು. ಧೊಂಡಿಬಾ ಅದನ್ನು ಕಾಲಿಗೆ ಕಟ್ಟಿದ್ದು ತಾನು ನಂಬಿಯೋ, ಅವಳನ್ನು ನಂಬಿಸಲೆಂದೋ, ಕತೆ ಹೇಳುವವರಿಗೂ ತಿಳಿಯದು.